ಅಪ್ಪನ ಮೂವತ್ತೆರಡು

ನ್ಯೂಜೆರ್ಸಿಯ ಒಂದು ಶೂಟಿಂಗ್ ರೇಂಜಿನಲ್ಲಿ .32 ಕ್ಯಾಲಿಬರ್ ರಿವಾಲ್ವರ್ ಇದೆಯಾ ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹಿರಿಯರು ನಕ್ಕರು. ಕುಹಕದ ನಗುವಲ್ಲ, ಚಿಕ್ಕ ಹುಡುಗರು ಹಳೇ ಸಿನಿಮಾ ಹಾಡು ಗುನುಗಿದರೆ ನಗ್ತೀವಲ್ಲ, ಹಾಗೆ. ಗೋಡೆ ತುಂಬ 9 ಎಂ.ಎಂ. ತೋಟಾಗಳ ಡಬ್ಬಿಗಳಿದ್ದವು. .32 ಮಾತ್ರ ಮೂಲೆಯಲ್ಲಿ ಎರಡೇ ಡಬ್ಬಿ, ಬೆಲೆಯೂ ಜಾಸ್ತಿ. ಇದೇ ಯಾಕೆ ಬೇಕು ಅಂದರು. ನಮ್ಮಪ್ಪನ ಹತ್ರ ಇರೋದು ಇದೇ, ಅಂದೆ.

ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಅಪ್ಪ .32 ತಗೊಂಡಿದ್ದು ಇಷ್ಟಪಟ್ಟು ಅಲ್ಲ. ಭಾರತದಲ್ಲಿ 9 ಎಂ.ಎಂ., .38, .455 ಪಿಸ್ತೂಲು-ರಿವಾಲ್ವರುಗಳು 'ನಿಷೇಧಿತ ಬೋರ್'. ಸಾಮಾನ್ಯ ಲೈಸೆನ್ಸ್‌ದಾರರಿಗೆ ಉಳಿಯೋದು ಹೆಚ್ಚಾಗಿ .32 ಅಥವಾ .22. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಣ್ಣುಮಕ್ಕಳ ರಕ್ಷಣೆಗೆ ಅಂತ ತಂದ 'ನಿರ್ಭೀಕ್' ರಿವಾಲ್ವರ್ ಕೂಡ .32. ತೂಕ ಅರ್ಧ ಕೇಜಿ ಆಸುಪಾಸು, ಬೆಲೆ ಲಕ್ಷಕ್ಕೂ ಮೇಲೆ. ಅಲ್ಲಿ ಎಲ್ಲರ ಕೈಲಿರೋದು ಇಲ್ಲಿ ವಿಚಿತ್ರ.

ಇಲ್ಲೂ ಒಂದು ಕಾಲಕ್ಕೆ ವಿಚಿತ್ರ ಆಗಿರಲಿಲ್ಲ. ಥಿಯೋಡರ್ ರೂಸ್‌ವೆಲ್ಟ್ ಅಧ್ಯಕ್ಷರಾಗೋ ಮುಂಚೆ ನ್ಯೂಯಾರ್ಕ್ ಪೊಲೀಸ್ ಮಂಡಳಿಯ ಮುಖ್ಯಸ್ಥರಾಗಿದ್ದರು. 1896ರಲ್ಲಿ ಅವರು ಇದೇ ಮ್ಯಾನ್‌ಹಟನ್ನಿನ ಪೊಲೀಸರಿಗೆ ಕೊಡಿಸಿದ್ದು .32 ಕೋಲ್ಟ್ ರಿವಾಲ್ವರ್. ಆಮೇಲೆ .38 ಬಂತು, 1990ರ ದಶಕದಲ್ಲಿ 9 ಎಂ.ಎಂ. ಬಂತು. (ಹೆಸರುಗಳನ್ನು ನಂಬಬೇಡಿ. '.38 ಸ್ಪೆಷಲ್' ಗುಂಡಿನ ನಿಜವಾದ ಅಗಲ .357 ಇಂಚು. ದಿನವಿಡೀ ಡೇಟಾ ಜೊತೆ ಕೂರೋ ನನಗೆ ಇಂಥ ಕಾಲಂ ಕಂಡರೆ ತಲೆ ಕೆಡುತ್ತೆ.)

ಈಗ .32 ಹುಡುಕೋರಿಗೂ ಕಾರಣ ಇದೆ. .38ರಲ್ಲಿ ಐದು ತೋಟಾ ಹಿಡಿಸೋ ಪುಟ್ಟ ರಿವಾಲ್ವರಿನಲ್ಲಿ .32 ಆದರೆ ಆರು ಹಿಡಿಸುತ್ತೆ, ಕೈಗೆ ಒದೆತವೂ ಕಮ್ಮಿ. ರೇಂಜಿನಲ್ಲಿ ಹೊಡೆದು ನೋಡಿದೆ: .38 ಎರಡನೇ ಗುಂಡಿಗೇ ನನ್ನ ಮಣಿಕಟ್ಟನ್ನ ಮೇಲಕ್ಕೆತ್ತಿಬಿಡ್ತು, .32 ಎತ್ತಲಿಲ್ಲ. ಕಂಪನಿಗಳೂ ಬಿಟ್ಟಿಲ್ಲ, 2022ರಲ್ಲಿ ಫೆಡರಲ್ ಕಂಪನಿ '.30 ಸೂಪರ್ ಕ್ಯಾರಿ' ಅಂತ ಹೊಸ ಅಳತೆಯನ್ನೇ ತಂತು. ತೊಂದರೆ ಇರೋದು ಬೇರೆ ಕಡೆ. ಕೋವಿಡ್ ಕಾಲದಲ್ಲಿ ತೋಟಾಕ್ಕೆ ಬರಗಾಲ ಬಂದಾಗ ಕಾರ್ಖಾನೆಗಳು ಹೆಚ್ಚು ಖರ್ಚಾಗೋ ಅಳತೆಗಳನ್ನೇ ಮೊದಲು ಮಾಡಿದವು. ಅಪರೂಪದವು ಅಂಗಡಿಯಿಂದ ಮಾಯ. ತೋಟಾ ಸಿಗದ ರಿವಾಲ್ವರ್ ಮೇಜಿನ ಮೇಲೆ ಹಾಳೆ ಹಾರದ ಹಾಗೆ ಇಡೋ ಕಬ್ಬಿಣ, ಅಷ್ಟೆ.

ನಾನು ಯಾಕೆ ಇದರ ಹಿಂದೆ ಬಿದ್ದೆ ಅಂದ್ರೆ, ಒಂದು ರಾತ್ರಿ ಎ ಟ್ರೈನಿನಲ್ಲಿ ಒಬ್ಬ ನನ್ನನ್ನು ನೋಡ್ತಾ ಕೂತ. ನಾನು ಇಳಿದಲ್ಲೇ ಇಳಿದ, ಮನೆಯ ತಿರುವಿನವರೆಗೂ ಹಿಂದೆ ಬಂದ. ಏನೂ ಆಗಲಿಲ್ಲ. ಆದರೆ ಬೀಗದ ಕೈ ತೆಗೆಯೋವಾಗ ಬೆರಳು ನಡುಗಿದ್ದು ಇನ್ನೂ ಮರೆತಿಲ್ಲ.

1911ರ ಸಲ್ಲಿವನ್ ಕಾಯ್ದೆಯಿಂದ ಶುರುವಾದ ಕಟ್ಟುನಿಟ್ಟಿನಲ್ಲಿ, ಪಿಸ್ತೂಲನ್ನ ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡೋ ಲೈಸೆನ್ಸು ನ್ಯೂಯಾರ್ಕಿನಲ್ಲಿ ನಮ್ಮಂಥವರಿಗೆ ದಕ್ಕುತ್ತಲೇ ಇರಲಿಲ್ಲ. 'ವಿಶೇಷ ಕಾರಣ' ತೋರಿಸಬೇಕಿತ್ತು. 2022ರ ಜೂನ್ 23ರಂದು ಸುಪ್ರೀಂ ಕೋರ್ಟ್ ಬ್ರೂಯೆನ್ ಪ್ರಕರಣದಲ್ಲಿ ಆ ಷರತ್ತನ್ನು ತೆಗೆದುಹಾಕ್ತು. ಸೆಪ್ಟೆಂಬರ್ 1ರಿಂದ ರಾಜ್ಯದ ಹೊಸ ಕಾನೂನು: 16 ಗಂಟೆ ಪಾಠ, 2 ಗಂಟೆ ಗುಂಡು ಹಾರಿಸೋ ತರಬೇತಿ. ಗ್ರೀನ್ ಕಾರ್ಡ್ ಇದ್ದರೆ ಅರ್ಜಿ ಹಾಕಬಹುದು. ಎಚ್-1ಬಿಯಲ್ಲಿರೋರು ಹುಷಾರು, ಬೇಟೆಯ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳೋದೇ ಫೆಡರಲ್ ಅಪರಾಧ.

ಲೈಸೆನ್ಸಿನಲ್ಲಿ ಕಂಪನಿ, ಮಾಡೆಲ್, ಸೀರಿಯಲ್ ನಂಬರಿನ ಜೊತೆ ಕ್ಯಾಲಿಬರ್ ಕೂಡ ಬರೀತಾರೆ. ಅದನ್ನು ಹಿಡಿದು ಜರ್ಸಿ ಸಿಟಿಗೆ ಹೋಗೋ ಹಾಗಿಲ್ಲ, ಆ ರಾಜ್ಯ ಒಪ್ಪಲ್ಲ. ಅಲ್ಲಿ ತುದಿ ಟೊಳ್ಳಾದ ಗುಂಡುಗಳನ್ನ ಮನೆ, ರೇಂಜಿನಂಥ ಕಡೆ ಬಿಟ್ಟು ಇಟ್ಟುಕೊಳ್ಳೋದಕ್ಕೂ ನಿಷೇಧ ಇದೆ. ಇನ್ನು ನ್ಯೂಯಾರ್ಕಿನಲ್ಲಿ ಲೈಸೆನ್ಸ್ ಇದ್ದೂ ಒಯ್ಯಬಾರದ ಜಾಗಗಳ ಪಟ್ಟಿ ಓದಿದೆ: ಟೈಮ್ಸ್ ಸ್ಕ್ವೇರ್, ಶಾಲೆ, ಆಸ್ಪತ್ರೆ, ದೇವಸ್ಥಾನ, ಸಬ್‌ವೇ.

ಸಬ್‌ವೇ! ನನ್ನ ಭಯ ಹುಟ್ಟಿದ್ದೇ ಅಲ್ಲಿ. ಕಾರಿಲ್ಲದ ನಾನು ಆಫೀಸಿಗೆ ಹೋಗೋದೂ ಅದರಲ್ಲೇ.

ಆದರೂ ಮೂರು ವಾರ ರಾತ್ರಿ ಕೂತು ಸ್ಪ್ರೆಡ್‌ಶೀಟ್ ಮಾಡಿದೆ. ತೂಕ, ಒದೆತ, ತೋಟಾ ಬೆಲೆ, ಎಷ್ಟು ಅಂಗಡಿಯಲ್ಲಿ ಸ್ಟಾಕ್ ಇದೆ. '.32 ಸಣ್ಣದು, ಸಾಕಾಗಲ್ಲ' ಅಂತ ರೇಂಜಿನವರು ಹೇಳಿದ್ದನ್ನೂ ಒಂದು ಕಾಲಂಗೆ ಹಾಕಿದೆ. ಹಾಗೆ ಹುಡುಕ್ತಾ ಹೋದಾಗ, ಪಿಸ್ತೂಲಿನ .32ಕ್ಕೆ ಇನ್ನೊಂದು ಹೆಸರು 7.65 ಎಂ.ಎಂ. ಅಂತ ಗೊತ್ತಾಯ್ತು. ಆ ಅಂಕಿಯನ್ನ ನಾನು ಕನ್ನಡದಲ್ಲೇ ಓದಿದ್ದೆ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ತಮ್ಮ ಮನೆ ಬಾಗಿಲಲ್ಲೇ ಗೌರಿ ಲಂಕೇಶ್ ಬಿದ್ದರು, 7.65 ಎಂ.ಎಂ. ನಾಡ ಪಿಸ್ತೂಲು ಅಂತ ಪತ್ರಿಕೆಗಳು ಬರೆದಿದ್ದವು. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಮೇಲೆ ಹಾರಿದ ಗುಂಡುಗಳೂ ಅದೇ ಪಿಸ್ತೂಲಿನವು ಎಂದು ವಿಧಿವಿಜ್ಞಾನ ವರದಿ ಹೇಳ್ತು. ಅಪ್ಪನ ರಿವಾಲ್ವರಿನ ತೋಟಾ ಬೇರೆ ಜಾತಿ, ಗುಂಡಿನ ಅಗಲ ಹೆಚ್ಚುಕಡಿಮೆ ಅಷ್ಟೇ. 'ಸಾಕಾಗಲ್ಲ' ಅನ್ನೋ ಕಾಲಂ ಅಳಿಸಿದೆ.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪಾ, ಅದನ್ನ ಯಾವತ್ತಾದ್ರೂ ಉಪಯೋಗಿಸಿದ್ದೀರಾ?"

"ಆನೆ ಬಂದ್ರೆ ಪಟಾಕಿನೇ ಸಾಕಲ್ಲವ್ವ," ಅಂದರು. ಸ್ವಲ್ಪ ಸುಮ್ಮನಿದ್ದು, "ನೀವಿಬ್ರು ಚಿಕ್ಕೋರಿದ್ದಾಗ ದಿನಾ ಒಂದು ಕೆಲ್ಸ ಆಗೋಗಿತ್ತು. ಅದು ನಿಮ್ಮ ಕೈಗೆ ಸಿಗದಂಗೆ ಜಾಗ ಬದಲಾಯಿಸೋದು. ಬೀರು ಮೇಲೆ, ಅಕ್ಕಿ ಡ್ರಮ್ಮು, ಅಟ್ಟ. ನಿಮ್ಮವ್ವಂಗೂ ಹೇಳ್ತಿರ್ಲಿಲ್ಲ."

ನನ್ನದು ಒಂದು ಬೆಡ್‌ರೂಮಿನ ಮನೆ. ಮಗನಿಗೆ ಐದು ವರ್ಷ. ಕುರ್ಚಿ ಎಳ್ಕೊಂಡು ಹೋಗಿ ಬಿಸ್ಕತ್ತಿನ ಡಬ್ಬಿ ಇಳಿಸೋದು ಕಲ್ತಿದ್ದಾನೆ. ತಿಜೋರಿ ತರಬಹುದು, ಬೀಗ ಹಾಕಿಯೇ ಇಡಬೇಕು ಅಂತ ಕಾನೂನೂ ಹೇಳುತ್ತೆ. ಆದರೆ ಅದರ ಬೀಗ ತೆಗೆಯೋವಾಗಲೂ ಬೆರಳು ನನ್ನದೇ ತಾನೆ.

ಅರ್ಜಿ ಅರ್ಧ ತುಂಬಿ ಹಾಗೇ ಇದೆ. ತರಬೇತಿಗೆ ಹೆಸರು ಕೊಟ್ಟಿಲ್ಲ, ಸ್ಪ್ರೆಡ್‌ಶೀಟ್ ಅಳಿಸಿಯೂ ಇಲ್ಲ. ಚುನಾವಣೆ ಬಂದಾಗಲೆಲ್ಲ ಅಪ್ಪ ರಿವಾಲ್ವರನ್ನ ಟವೆಲ್ಲಿನಲ್ಲಿ ಸುತ್ತಿ ಠಾಣೆಗೆ ಕೊಟ್ಟು, ಮುಗಿದ ಮೇಲೆ ತರ್ತಾರೆ. ಮುಂದಿನ ಸಲ ಕೊಟ್ಟರೆ ಲೈಸೆನ್ಸನ್ನೂ ವಾಪಸ್ ಕೊಟ್ಟುಬಿಡ್ತಾರಂತೆ. ಠಾಣೆಗೆ ಎರಡು ಸಲ ಅಲೆಯೋಕೆ ಮೊಣಕಾಲು ಕೇಳಲ್ವಂತೆ.