ಕನ್ನಡ ಶಾಲೆಗೆ ಜಾಗ ಹುಡುಕುವ ಮುನ್ನ

ನಿಮ್ಮೂರಿನ ಶನಿವಾರದ ಕನ್ನಡ ಶಾಲೆಗೂ ಕಾಯಂ ಜಾಗ ಹುಡುಕುತ್ತಿದ್ದೀರಾ? ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನಗರದ ಪ್ಲಾನಿಂಗ್ ಕಚೇರಿಗೆ ಒಮ್ಮೆ ಹೋಗಿ ಬನ್ನಿ.

ನಾವಿರುವ ಕ್ಯಾಲಿಫೋರ್ನಿಯಾದಲ್ಲಿ ಮನೆ, ಅಂಗಡಿ, ಕೈಗಾರಿಕೆಗೆಂದು ಊರನ್ನು ವಲಯಗಳಾಗಿ ವಿಂಗಡಿಸಿರುತ್ತಾರೆ. ಶಾಲೆ, ದೇವಸ್ಥಾನ, ಸಭಾಭವನಗಳಿಗೆ ಹಲವು ವಲಯಗಳಲ್ಲಿ 'ಕಂಡೀಷನಲ್ ಯೂಸ್ ಪರ್ಮಿಟ್' ಬೇಕು. ಅಂದರೆ ಷರತ್ತಿನ ಅನುಮತಿ: ಎಷ್ಟು ಮಕ್ಕಳು, ಎಷ್ಟು ಗಂಟೆಯವರೆಗೆ, ಎಷ್ಟು ಕಾರು. ಸಾಮಾನ್ಯವಾಗಿ ವಿಚಾರಣೆಗೆ ಕನಿಷ್ಠ 10 ದಿನ ಮೊದಲು, 300 ಅಡಿಯೊಳಗಿನ ಆಸ್ತಿ ಮಾಲೀಕರಿಗೆ ನೋಟಿಸ್ ಹೋಗುತ್ತದೆ. ಅನುಮತಿ ಅರ್ಜಿದಾರರಿಗಲ್ಲ, ಆ ನೆಲಕ್ಕೆ ಸೇರಿದ್ದು. ಹಾಗಾಗಿ ಅಲ್ಲಿ ಮೊದಲೇ ಶಾಲೆ ನಡೆದಿತ್ತೇ ಎಂದು ವಿಚಾರಿಸಿ.

ನೋಟಿಸ್ ತಲುಪುವ ಮುನ್ನವೇ ನೀವು ಅಕ್ಕಪಕ್ಕದವರ ಬಾಗಿಲು ತಟ್ಟಿ. ನಮ್ಮಲ್ಲಿ ಅವರಿಗಿದ್ದ ಚಿಂತೆ ಕನ್ನಡದ್ದಲ್ಲ, ಕಾರಿನದ್ದು. ಮಕ್ಕಳನ್ನು ಬಿಡುವ, ಕರೆದೊಯ್ಯುವ ಸಮಯವನ್ನು ತರಗತಿವಾರು ಬೇರೆಬೇರೆ ಮಾಡಿದ ಮೇಲೆ ಅರ್ಧ ವಿರೋಧ ಕರಗಿತು.

ವಿಚಾರಣೆಗೆ ಮಕ್ಕಳನ್ನೂ ಕರೆದೊಯ್ಯಿರಿ. ಅಲ್ಲಿ ಯಾರು ಬೇಕಾದರೂ ಮಾತಾಡಬಹುದು. ಎಂಟು ವರ್ಷದ ನನ್ನ ಮಗಳು ಇಂಗ್ಲಿಷಿನಲ್ಲೇ ಹೇಳಿದಳು: "ನಮ್ಮಜ್ಜಿಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ನಾನು ಕಲೀತಿದೀನಿ."

ನಮಗೆ ಸಿಕ್ಕಿದ್ದು 40 ಮಕ್ಕಳಿಗಷ್ಟೇ ಅನುಮತಿ. ಉಳಿದವರಿಗಾಗಿ ಮಧ್ಯಾಹ್ನ ಎರಡನೇ ಪಾಳಿ ಕೇಳಿ ಮತ್ತೆ ಅರ್ಜಿ ಹಾಕಿದ್ದೇವೆ.