ಎಂಟು ಕಲೆಗಳ ಅಂತರ

ಪಾಲಹಳ್ಳಿಯೇ ಮೊದಲಾದ ಶ್ರೀರಂಗಪಟ್ಟಣ ಸೀಮೆಯ ಊರುಗಳಲ್ಲಿ ಯುಗಾದಿಯಂದು ಪಂಚಾಂಗ ಶ್ರವಣ ಮಾಡುವುದು ವಾಡಿಕೆ. ಗುರು ವಕ್ರಗತಿಯಲ್ಲಿದ್ದಾನೆ, ಶುಕ್ರ ಅಸ್ತನಾಗಿದ್ದಾನೆ ಎಂದಾಗ ಕೇಳುಗರ ಮನಸ್ಸು ಫಲದ ಕಡೆಗೆ ಹರಿಯುತ್ತದೆ. ಆ ಮಾತಿನ ಹಿಂದಿರುವ ಗಣಿತ ಕಣ್ಮರೆಯಾಗುತ್ತದೆ. ಕನ್ನಡ ಸಾಹಿತ್ಯದಲ್ಲಿಯೂ ಇದೇ ಒಲವು ಕಾಣುತ್ತದೆ. ಜೈನ ಕವಿ ಶ್ರೀಧರಾಚಾರ್ಯನು 1049ರಲ್ಲಿ ರಚಿಸಿದ ‘ಜಾತಕತಿಲಕ’ ಕನ್ನಡದ ಮೊದಲ ಜ್ಯೋತಿಷ ಗ್ರಂಥ. ಅದರ ವಸ್ತು ಜಾತಕಫಲ. ಗ್ರಹಗತಿಯ ಗಣಿತವು ಬಹುಮಟ್ಟಿಗೆ ಸಂಸ್ಕೃತದಲ್ಲಿಯೇ ಉಳಿಯಿತು.

ಗ್ರಹಗಳು ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಕೆಲವೊಮ್ಮೆ ನಿಂತಂತೆ, ಕೆಲವೊಮ್ಮೆ ಹಿಂದಕ್ಕೆ ಸರಿದಂತೆ ತೋರುತ್ತವೆ. ಇದನ್ನು ಲೆಕ್ಕಕ್ಕೆ ತರಲು ಆರ್ಯಭಟನು 499ರಲ್ಲಿ, ಅವನ ನಂತರದವರು ತಮ್ಮ ಕಾಲದಲ್ಲಿ, ‘ಮಂದ’ ಮತ್ತು ‘ಶೀಘ್ರ’ ಎಂಬ ಎರಡು ಸಂಸ್ಕಾರಗಳನ್ನು ಬಳಸಿದರು. ವೃತ್ತದ ಮೇಲೆ ವೃತ್ತವನ್ನು ಕಲ್ಪಿಸಿ ಗ್ರಹದ ಸ್ಥಾನವನ್ನು ಗುಣಿಸುವ ಕ್ರಮವಿದು. ಕಾಲ ಕಳೆದಂತೆ ಲೆಕ್ಕಕ್ಕೂ ಆಕಾಶಕ್ಕೂ ಅಂತರ ಬೆಳೆಯುತ್ತಿತ್ತು. ಕೊಂಕಣ ತೀರದ ನಂದಿಗ್ರಾಮದ ಕೇಶವ ದೈವಜ್ಞನು ಗ್ರಹಗಳನ್ನು ತಾನೇ ವೀಕ್ಷಿಸಿ, ಮುಂದಿನವರೂ ಹೀಗೆಯೇ ನೋಡಿ ತಿದ್ದಿಕೊಳ್ಳಬೇಕೆಂದು ಬರೆದನು. ಅವನ ಮಗ ಗಣೇಶನು 1520ರ ‘ಗ್ರಹಲಾಘವ’ದಲ್ಲಿ ಯಾವ ಗ್ರಹಕ್ಕೆ ಯಾವ ಸಿದ್ಧಾಂತದ ಲೆಕ್ಕ ಆಕಾಶಕ್ಕೆ ಹೊಂದುತ್ತದೆ ಎಂಬುದನ್ನು ವಿಂಗಡಿಸಿ ಹೇಳಿದನು. ಕರ್ನಾಟಕದ ಅನೇಕ ಪಂಚಾಂಗಕಾರರು ಈ ಗ್ರಂಥವನ್ನು ಅನುಸರಿಸಿದರು.

ಸುಮಾರು 80 ವರ್ಷಗಳ ಬಳಿಕ ಯುರೋಪಿನಲ್ಲಿ ಯೊಹಾನೆಸ್ ಕೆಪ್ಲರನಿಗೆ ಇಂಥದೇ ಅಂತರ ಎದುರಾಯಿತು. ಟೈಕೊ ಬ್ರಾಹೆಯು ದೂರದರ್ಶಕವಿಲ್ಲದೆ ದಾಖಲಿಸಿದ್ದ ಮಂಗಳನ ಸ್ಥಾನಗಳಿಗೂ ಕೆಪ್ಲರನ ವೃತ್ತಕ್ಕೂ ಎಂಟು ಕಲೆಗಳ ವ್ಯತ್ಯಾಸ ಬಂದಿತು. ಒಂದು ಅಂಶಕ್ಕೆ 60 ಕಲೆ. ಎಂಟು ಕಲೆಯೆಂದರೆ ಹುಣ್ಣಿಮೆಯ ಚಂದ್ರಬಿಂಬದ ಅಗಲದ ಸುಮಾರು ಕಾಲುಭಾಗ. ಟೈಕೊನ ಅಳತೆ ಅಷ್ಟು ತಪ್ಪಲಾರದೆಂದು ನಂಬಿದ ಕೆಪ್ಲರನು ವೃತ್ತವನ್ನೇ ಕೈಬಿಟ್ಟನು. ಗ್ರಹದ ಪಥ ದೀರ್ಘವೃತ್ತ, ಸೂರ್ಯನಿರುವುದು ಅದರ ಒಂದು ನಾಭಿಯಲ್ಲಿ. ಗ್ರಹವನ್ನೂ ಸೂರ್ಯನನ್ನೂ ಕೂಡಿಸುವ ರೇಖೆ ಸಮಕಾಲದಲ್ಲಿ ಸಮಕ್ಷೇತ್ರವನ್ನು ಕ್ರಮಿಸುತ್ತದೆ. ಈ ಎರಡು ನಿಯಮಗಳು 1609ರಲ್ಲಿ ಪ್ರಕಟವಾದವು. ಪರಿಭ್ರಮಣ ಕಾಲದ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎಂಬ ಮೂರನೆಯದು 1619ರಲ್ಲಿ ಬಂದಿತು. ಭೂಮಿಗಿಂತ ಸೂರ್ಯನಿಂದ 5.2 ಪಟ್ಟು ದೂರವಿರುವ ಗುರು ಒಂದು ಸುತ್ತಿಗೆ 11.86 ವರ್ಷ ತೆಗೆದುಕೊಳ್ಳುವುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ನಮ್ಮವರು ಅಂಕಿಗಳನ್ನು ತಿದ್ದಿದರು. ಕೆಪ್ಲರನು ಆಕೃತಿಯನ್ನೇ ತಿದ್ದಿದನು. ಈ ಭೇದವನ್ನು ಮರೆಮಾಚಿ, ಎಲ್ಲವೂ ಪ್ರಾಚೀನ ಗ್ರಂಥಗಳಲ್ಲಿಯೇ ಇತ್ತೆನ್ನುವುದು ಪೂರ್ವಜರಿಗೆ ಸಲ್ಲುವ ಗೌರವವಲ್ಲ. ಜೈನಾಗಮದ ‘ಸೂರ್ಯಪ್ರಜ್ಞಪ್ತಿ’ ಎರಡು ಸೂರ್ಯ, ಎರಡು ಚಂದ್ರರನ್ನು ಹೇಳುತ್ತದೆ. ಭಾಸ್ಕರಾಚಾರ್ಯನು 1150ರಲ್ಲಿ ಅದನ್ನು ಖಂಡಿಸಿದನು. ಆಗಮವನ್ನು ಪೂಜ್ಯಭಾವದಿಂದ ಓದುವವರೂ ಆ ಖಂಡನೆಯನ್ನು ಓದಬೇಕು. ಗ್ರಂಥ ಮತ್ತು ಆಕಾಶ ಹೊಂದದಿದ್ದಾಗ ಆಕಾಶವನ್ನು ನೋಡಿ ಎಂದು ಕೇಶವ ದೈವಜ್ಞನೂ ಹೇಳಿದ್ದನಲ್ಲವೆ?