ಸಾಲ ಅಲ್ಲ ತಾತ, ಚಿಲ್ಲರೆ!

ನನ್ನ ಮೊಮ್ಮಗಳು ಪಿಯುಸಿ ಮುಗಿಸಿ ಡಿ.ಎಲ್.ಎಡ್. ಸೇರಿದ್ದಾಳೆ. ಪ್ರಾಥಮಿಕ ಶಾಲೆಯ ಶಿಕ್ಷಕರಾಗುವವರ ಎರಡು ವರ್ಷದ ಓದು ಇದು. ನನ್ನ ವಯಸ್ಸಿನವರಿಗೆ ಟಿ.ಸಿ.ಎಚ್. ಎಂದರೆ ಬೇಗ ತಿಳಿದೀತು. "ಅ ಆ ಇ ಈ ಕಲಿಸೋಕೆ ಎರಡು ವರ್ಷ ಓದಬೇಕೇ?" ಎಂದು ನೆಂಟರು ಕೇಳಿದರು. ಅವಳು ನಕ್ಕು ಸುಮ್ಮನಾದಳು.

ಅವಳು ಪಾಠದ ಅಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಹುಡುಗನೊಬ್ಬ 52ರಲ್ಲಿ 27 ಕಳೆದು 35 ಎಂದು ಬರೆದಿದ್ದನಂತೆ. ಬ್ಯಾಂಕಿನ ಲೆಡ್ಜರಾದರೆ ತಿದ್ದಿ ಸಹಿ ಹಾಕಿದರೆ ಮುಗಿಯಿತು. ಇವಳು ಮಾತ್ರ "ಹೇಗೆ ಮಾಡಿದೆ ಪುಟ್ಟಾ?" ಎಂದು ಕೇಳಿದಳು. "2ರಲ್ಲಿ 7 ಹೋಗಲ್ಲ ಮಿಸ್, ಅದಕ್ಕೆ 7ರಲ್ಲಿ 2 ಕಳೆದೆ" ಎಂದನಂತೆ!

ಇವಳು ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟಳು. ಅವನೇ ಒಂದು ಕಟ್ಟು ಬಿಚ್ಚಿದ. ಬಿಡಿ ಕಡ್ಡಿ ಹನ್ನೆರಡಾದವು. 27 ತೆಗೆದಿಟ್ಟ ಮೇಲೆ 25 ಉಳಿಯಿತು.

"ನಾವು ಇದನ್ನೇ ಪಕ್ಕದ ಮನೆಯಿಂದ ಸಾಲ ತರೋದು ಅಂತಿದ್ದೆವು" ಎಂದೆ.

"ಸಾಲ ಆದರೆ ತೀರಿಸಬೇಕಲ್ಲ ತಾತ? ಇದು ಹತ್ತರ ನೋಟಿಗೆ ಚಿಲ್ಲರೆ ತಗೊಂಡ ಹಾಗೆ."

ಬಿ.ಕಾಂ. ಓದಿ, ಕೌಂಟರಿನಲ್ಲಿ ಕೂತು ವರ್ಷಗಟ್ಟಲೆ ಚಿಲ್ಲರೆ ಎಣಿಸಿದ ನನಗೆ ಇದು ಹೊಳೆದಿರಲಿಲ್ಲ. ಲೆಕ್ಕ ಬರುವುದು ಬೇರೆ, ಕಲಿಸಲು ಬರುವುದು ಬೇರೆ. ಎರಡು ವರ್ಷ ಓದುವುದು ಈ ಎರಡನೆಯದಕ್ಕೆ.

ಮುಂದೆ ಟಿಇಟಿ ಇದೆ, 150 ಅಂಕಗಳ ಪರೀಕ್ಷೆ. ಅದು ದಾಟಿದರೂ ನೇಮಕಾತಿ ಪರೀಕ್ಷೆ ಬೇರೆ. ಕೆಲಸ ಯಾವಾಗ ಸಿಕ್ಕೀತೋ ಎಂಬ ಚಿಂತೆ ಮನೆಯಲ್ಲಿದೆ. ಅವಳು ಮಾತ್ರ ರಾತ್ರಿ ಕೂತು ಮತ್ತಷ್ಟು ಕಡ್ಡಿಗಳ ಕಟ್ಟು ಕಟ್ಟುತ್ತಾಳೆ.

ಮಕ್ಕಳೇ, ಲೆಕ್ಕ ತಪ್ಪಾದರೆ ಗಾಬರಿಯಿಂದ ಅಳಿಸಬೇಡಿ. ಹೇಗೆ ಮಾಡಿದಿರೆಂದು ಟೀಚರಿಗೆ ಹೇಳಿ. ಅವರಿಗೆ ಬೇಕಾಗಿರುವುದು ಅದೇ.